ರಾಚಯ್ಯನವರ ಮೂರನೆಯ ಪ್ರಿಂಟು

ರಾಚಯ್ಯ ಹಿರೇಮಠರ ಬೇಸ್‌ಮೆಂಟಿನಲ್ಲಿ ನಾನು ಒಂದೇ ಸಿನಿಮಾವನ್ನು ಹನ್ನೊಂದು ಸಲ ನೋಡಿದ್ದೇನೆ. ಆರು ಸಲ ಚಿಕ್ಕದನ್ನು, ಐದು ಸಲ ದೊಡ್ಡದನ್ನು. ಮಿಶಿಗನ್ನಿನ ಟ್ರಾಯ್‌ನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದು ಬೇಲಿ ಅಷ್ಟೆ. ಬೇಲಿಯಾಚೆಯಿಂದ "ಶ್ರೀಕಾಂತ್, ಸಂಜಿಕಡೆ ಖಾಲಿ ಅದೀರೇನ್ರಿ?" ಎಂಬ ಪ್ರಶ್ನೆ ಬಂದರೆ ಅದರ ಅರ್ಥ ಏನೆಂದು ನನ್ನ ಹೆಂಡತಿಗೂ ಗೊತ್ತು. ಅವಳಿಗೆ ತಕ್ಷಣ ತಲೆನೋವು ಬರುತ್ತದೆ. ನನಗೆ ಅಷ್ಟು ಬೇಗ ಬರುವುದಿಲ್ಲ.

ರಾಚಯ್ಯನವರು ಹುಬ್ಬಳ್ಳಿಯವರು. ಅರವತ್ತು ತುಂಬಿದೆ. ಕಾರುಗಳ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಇಪ್ಪತ್ತೇಳು ವರ್ಷಗಳಿಂದ ಕ್ವಾಲಿಟಿ ಇಂಜಿನಿಯರ್. ಕಾರಿನ ಬಾಗಿಲಿಗೂ ಬಾಡಿಗೂ ನಡುವಿನ ಸಂದು ಮೂರೂವರೆ ಮಿಲಿಮೀಟರ್ ಇರಬೇಕಾದ ಕಡೆ ನಾಲ್ಕು ಇದೆ ಎಂದು ಕಂಡುಹಿಡಿದು, ಅದನ್ನು ಮಾಡಿದವರ ಊಟ ಕೆಡಿಸುವುದು ಅವರ ಕೆಲಸ. ಭಾರತೀಯ ಟೆಂಪಲ್ಲಿನ ಪಾರ್ಕಿಂಗ್ ಲಾಟಿನಲ್ಲಿ ಅವರ ಜೊತೆ ನಡೆದರೆ ಒಳಗೆ ಮಂಗಳಾರತಿ ಮುಗಿದಿರುತ್ತದೆ. ಪ್ರತಿ ಹೊಸ ಕಾರಿನ ಬಳಿಯೂ ನಿಂತು, ಬಾಗಿಲಂಚಿನ ಮೇಲೆ ಹೆಬ್ಬೆರಳು ಸವರಿ, ನಿಟ್ಟುಸಿರು ಬಿಟ್ಟೇ ಮುಂದಕ್ಕೆ ಹೋಗುವುದು. ಹೀಗೆ ವಾರಕ್ಕೆ ಐದು ದಿನ ಸಂದು ಅಳೆದ ಮನುಷ್ಯ ಶನಿವಾರ ಭಾನುವಾರ ಸುಮ್ಮನಿರಲಾರದೆ ಸೂಪರ್‌ಹೀರೋ ಸಿನಿಮಾಗಳ ಸಂದು ಅಳೆಯುತ್ತಾರೆ.

ಅದು ಹೇಗೆಂದರೆ, ಇಲ್ಲಿಯ ಎಷ್ಟೋ ಹಳೆಯ ಸೂಪರ್‌ಹೀರೋ ಸಿನಿಮಾಗಳು ಎರಡೆರಡು ರೂಪದಲ್ಲಿ ಸಿಗುತ್ತವೆ. ಒಂದು, ಥಿಯೇಟರಿಗೆ ಬಂದದ್ದು. ಜನ ಇಷ್ಟು ಹೊತ್ತು ಕೂರುವುದಿಲ್ಲ ಎಂದು ಕಂಪನಿಯವರು ಅದನ್ನು ಅಲ್ಲಲ್ಲಿ ಕತ್ತರಿಸಿರುತ್ತಾರೆ. ಇನ್ನೊಂದು, ಇಪ್ಪತ್ತೋ ಮೂವತ್ತೋ ವರ್ಷದ ನಂತರ ನಿರ್ದೇಶಕರು, ನನ್ನ ಮನಸ್ಸಿನಲ್ಲಿದ್ದದ್ದು ಇದು ಎಂದು ಕತ್ತರಿಸಿದ್ದನ್ನೆಲ್ಲ ಮತ್ತೆ ಅಂಟಿಸಿ ಬಿಡುಗಡೆ ಮಾಡಿದ್ದು. ಅದಕ್ಕೆ ಡೈರೆಕ್ಟರ್ಸ್ ಕಟ್ ಎನ್ನುತ್ತಾರೆ. ರಾಚಯ್ಯನವರ ಬಳಿ ಇಂಥ ಮೂವತ್ತೆಂಟು ಸಿನಿಮಾಗಳ ಎರಡೂ ರೂಪಗಳ ಡಿಸ್ಕುಗಳಿವೆ. ಪ್ರತಿಯೊಂದಕ್ಕೂ ಒಂದು ಸ್ಪ್ರೆಡ್‌ಶೀಟು. ಒಂದು ಸಿನಿಮಾದಲ್ಲಿ ಹೀರೋ ಮೊದಲ ಸಲ ಹಾರುವುದು ಚಿಕ್ಕದರಲ್ಲಿ ಮೂವತ್ತೊಂದನೆಯ ನಿಮಿಷಕ್ಕೆ, ದೊಡ್ಡದರಲ್ಲಿ ನಲವತ್ನಾಲ್ಕಕ್ಕೆ. ಹಾಗಾದರೆ ಆ ಹದಿಮೂರು ನಿಮಿಷವನ್ನು ಯಾರು ನುಂಗಿದರು, ನುಂಗಿದ್ದು ಒಳ್ಳೆಯದಾಯಿತೇ ಎಂಬುದೆಲ್ಲ ಅದರಲ್ಲಿರುತ್ತದೆ. ಕೊನೆಯ ಕಾಲಮ್ಮಿನ ತಲೆಯ ಮೇಲೆ 'ತೀರ್ಪು' ಎಂದು ಕನ್ನಡದಲ್ಲಿ ಬರೆದುಕೊಂಡಿದ್ದಾರೆ.

ನಾನು ಹನ್ನೊಂದು ಸಲ ನೋಡಿದ್ದು 'ನೈಟ್ ಹೆರನ್' ಎಂಬ ಎಂಬತ್ತೊಂದನೆಯ ಇಸವಿಯ ಸಿನಿಮಾ. ಹಗಲು ಹೊತ್ತು ಸೇತುವೆಗಳ ಬೋಲ್ಟು ಬಿಗಿಮಾಡುವ ಬಡಪಾಯಿಯೊಬ್ಬ ಕತ್ತಲಾದ ಮೇಲೆ ಬೂದು ಬಣ್ಣದ ರೆಕ್ಕೆ ಕಟ್ಟಿಕೊಂಡು ಊರು ಕಾಯುತ್ತಾನೆ. ಹೆರನ್ ಅಂದರೆ ಕೊಕ್ಕರೆಯಂಥ ಒಂದು ಹಕ್ಕಿ. ರಾಚಯ್ಯನವರ ಹೆಂಡತಿ ರೇಣು ಅಕ್ಕನಿಗೆ ಇದು ತಿಳಿದ ದಿನದಿಂದ ಅವರು ಆ ಹೀರೋನನ್ನು ಕೊಕ್ಕರಿ ಎಂದೇ ಕರೆಯುತ್ತಾರೆ. "ಊಟಕ್ಕ ಬರ್ರಿ, ಕೊಕ್ಕರಿ ಎಲ್ಲಿಗೂ ಹಾರಿ ಹೋಗೂದಿಲ್ಲ" ಎಂದು ಮೆಟ್ಟಿಲ ಮೇಲಿನಿಂದ ಅವರು ಕೂಗಿದರೆ ನಾನು ಮನಸ್ಸಿನಲ್ಲೇ ಅವರಿಗೆ ಕೈಮುಗಿಯುತ್ತೇನೆ.

ಮೂವತ್ತೇಳು ಸಿನಿಮಾಗಳಿಗೆ ತೀರ್ಪು ಕೊಟ್ಟ ರಾಚಯ್ಯನವರು ಇದೊಂದಕ್ಕೆ ಕೊಟ್ಟಿರಲಿಲ್ಲ. ಹೀರೋ ಮೊದಲ ಸಲ ಹಾರುವಾಗ ಚಿಕ್ಕದರಲ್ಲಿ ತುತ್ತೂರಿ ಊದುತ್ತಾರೆ, ದೊಡ್ಡದರಲ್ಲಿ ಗಾಳಿಯ ಸದ್ದು ಮಾತ್ರ. ಗಾಳಿ ಮೇಲು ಎಂದು ಅವರು ಒಪ್ಪಿದ್ದರು. ದೊಡ್ಡದರಲ್ಲಿ ಹೀರೋ ತನ್ನ ಅಪ್ಪನ ಸಮಾಧಿಯ ಮುಂದೆ ಎಂಟು ನಿಮಿಷ ಭಾಷಣ ಮಾಡುತ್ತಾನೆ, ಚಿಕ್ಕದರಲ್ಲಿ ಆ ಕಾಟ ಇಲ್ಲ. ಅದನ್ನೂ ಒಪ್ಪಿದ್ದರು. ಆದರೆ ಅವರ ಪ್ರಕಾರ ಎರಡೂ ನಿಜವಾದ ಸಿನಿಮಾ ಅಲ್ಲ. ನಿಜವಾದದ್ದು ಮೂರನೆಯದೊಂದು ಇತ್ತು, ಅದನ್ನು ಯಾರೋ ಮುಚ್ಚಿಹಾಕಿದ್ದಾರೆ.

ಯಾಕೆಂದರೆ ಅವರು ಅದನ್ನು ನೋಡಿದ್ದರು. ಎಂಬತ್ನಾಲ್ಕರಲ್ಲಿ, ಹುಬ್ಬಳ್ಳಿಯ ನ್ಯೂ ಗುಲಾಬ್ ಟಾಕೀಸಿನಲ್ಲಿ. ಆಗ ಇಂಜಿನಿಯರಿಂಗ್ ಎರಡನೆಯ ವರ್ಷ. ಹಾಸ್ಟೆಲಿನಲ್ಲಿ ಸಂಜೆ ಏಳಕ್ಕೆ ಹಾಜರಿ ಕರೆಯುತ್ತಿದ್ದರು, ಹಾಗಾಗಿ ಹೋಗಿದ್ದೆಲ್ಲ ಮೂರೂವರೆಯ ಮ್ಯಾಟಿನಿಗೆ. ಒಂದೇ ವಾರದಲ್ಲಿ ಮೂರು ಸಲ. ಆ ಸಿನಿಮಾದಲ್ಲಿ ಹೀರೋಗೆ ರೆಕ್ಕೆ ಹೇಗೆ ಬಂತು ಎಂಬುದನ್ನೇ ಹೇಳುತ್ತಿರಲಿಲ್ಲ. ಒಂದು ಸೀನಿನಲ್ಲಿ ಇರಲಿಲ್ಲ, ಮುಂದಿನ ಸೀನಿನಲ್ಲಿ ಇತ್ತು. ಕೊನೆಗೆ ಅಣೆಕಟ್ಟು ಒಡೆದು ನೀರು ನುಗ್ಗಿದಾಗ ಅವನು ಸೇತುವೆಯ ತಂತಿಯನ್ನು ಹೆಗಲ ಮೇಲೆ ಹೊತ್ತು ನಿಲ್ಲುತ್ತಾನೆ, ಜನ ದಾಟುತ್ತಾರೆ, ಊರಿನ ದೀಪಗಳು ಬೀದಿ ಬೀದಿಯಾಗಿ ಆರುತ್ತವೆ. ಸೇತುವೆಯ ಮೇಲಿನ ಕೊನೆಯ ದೀಪವೂ ಆರುತ್ತದೆ. ಪೂರ್ತಿ ಕತ್ತಲೆ. ಸಂಗೀತ ಇಲ್ಲ, ಅಕ್ಷರ ಇಲ್ಲ. ಅಲ್ಲಿಗೆ ಮುಗಿಯಿತು. ಜನ ಚಪ್ಪಾಳೆ ಹೊಡೆದರು, ಬಾಗಿಲು ತೆರೆಯಿತು.

"ಆ ಕತ್ತಲಿ ಹನ್ನೆರಡು ಸೆಕೆಂಡ್ ಇತ್ರಿ" ಎಂದು ರಾಚಯ್ಯನವರು ಹೇಳುತ್ತಿದ್ದರು. "ಅಂವಾ ಸತ್ತನೋ ಉಳದನೋ ಹೇಳಂಗಿಲ್ಲ. ನೋಡಿದಾಂವಗ ಬಿಟ್ಟದ್ದು. ಅಂಥಾ ಧೈರ್ಯ ಇವತ್ತು ಯಾವ ಡೈರೆಕ್ಟರ್‌ಗೆ ಐತಿ?"

ಎರಡು ಸಾವಿರದ ಮೂರರಲ್ಲಿ ಡಿಸ್ಕು ಕೊಂಡು ನೋಡಿದರೆ ಕತ್ತಲೆಯ ಮರುಕ್ಷಣ ಜನರೇಟರ್ ಗುರ್ ಎಂದು ದೀಪ ಹೊತ್ತಿಕೊಂಡಿತು. ಹೀರೋ ಮುಖವಾಡ ತೆಗೆದು ತಾನು ಮೆಚ್ಚಿದ ಹುಡುಗಿಯ ಎದುರು ಕೂತು ಹದಿನೆಂಟು ನಿಮಿಷ ಎಲ್ಲವನ್ನೂ ಒಪ್ಪಿಕೊಂಡ. ರಾಚಯ್ಯನವರಿಗೆ ಆ ರಾತ್ರಿ ಊಟ ಸೇರಲಿಲ್ಲವಂತೆ. ಐದು ವರ್ಷ ಬಿಟ್ಟು ಡೈರೆಕ್ಟರ್ಸ್ ಕಟ್ ಬಂತು. ಆಸೆಯಿಂದ ಹಾಕಿದರು. ಅದರಲ್ಲಿ ಒಪ್ಪಿಕೊಂಡದ್ದೂ ಇತ್ತು, ಮೇಲೆ ಸಮಾಧಿಯೂ ಬಂತು.

ಅಂದಿನಿಂದ ಶುರುವಾಯಿತು. ಇಂಥ ಸಿನಿಮಾಗಳ ಹುಚ್ಚಿನವರೆಲ್ಲ ಸೇರಿ ಇಂಟರ್ನೆಟ್ಟಿನಲ್ಲಿ ವಾದ ಮಾಡುವ ಒಂದು ಜಾಗವಿದೆ. ಅಲ್ಲಿ ರಾಚಯ್ಯನವರು ಹದಿನಾರು ವರ್ಷ ಬರೆದರು. ಮೊದಲ ವಾರಕ್ಕೆ ಹೊರಟ ಪ್ರಿಂಟು ಬೇರೆಯೇ ಇತ್ತು, ಕಂಪನಿಯವರು ಹೆದರಿ ವಾಪಸು ತರಿಸಿಕೊಂಡರು, ಅದರ ಒಂದು ಪ್ರತಿ ಹೇಗೋ ಹುಬ್ಬಳ್ಳಿಗೆ ಬಂದು ಉಳಿಯಿತು ಎಂಬುದು ಅವರ ಸಿದ್ಧಾಂತ. ಒಹಾಯೋದ ಒಬ್ಬ, ಸ್ವೀಡನ್ನಿನ ಒಬ್ಬ ಸೇರಿ ಅವರನ್ನು 'ಹನ್ನೆರಡು ಸೆಕೆಂಡಿನ ಮನುಷ್ಯ' ಎಂದು ಕರೆದರು. ರಾಚಯ್ಯನವರಿಗೆ ಸಿಟ್ಟು ಬರಲಿಲ್ಲ. ಅಳತೆ ಸರಿ ಇದ್ದವನಿಗೆ ಸಿಟ್ಟು ಯಾಕೆ ಎಂದು ಅವರ ಭಾವನೆ.

ಈಗ ಯಾಕೂಬ್ ಮುಲ್ಲಾರ ವಿಷಯ ಹೇಳಬೇಕು. ಅವರೂ ಹುಬ್ಬಳ್ಳಿಯವರೇ. ನಮ್ಮೂರಿಗೆ ಹತ್ತಿರದ ಡಿಯರ್‌ಬಾರ್ನಿನಲ್ಲಿ ಕಾರಿನ ಸೀಟುಗಳಿಗೆ ಚರ್ಮ, ಬಟ್ಟೆ ಹೊಲಿದು ಹಾಕುವ ಅಂಗಡಿ ಇಟ್ಟಿದ್ದಾರೆ. ಇಪ್ಪತ್ತು ವರ್ಷದ ಹಿಂದೆ ರಾಚಯ್ಯನವರು ತಮ್ಮ ಕಾರಿನ ಸೀಟು ರಿಪೇರಿಗೆ ಕೊಟ್ಟು, ಹೊಲಿಗೆ ಒಂದು ಕಡೆ ಎರಡು ಮಿಲಿಮೀಟರ್ ಓರೆ ಇದೆ ಎಂದು ತೋರಿಸಿದರಂತೆ. ಯಾಕೂಬ್ ಕನ್ನಡದಲ್ಲಿ ಗೊಣಗಿದರಂತೆ. ಅಲ್ಲಿಂದ ಸ್ನೇಹ. ಇಬ್ಬರೂ ಸೇರಿದರೆ ದುರ್ಗದ ಬೈಲಿನ ಮಿರ್ಚಿ, ಸಿದ್ಧಾರೂಢ ಮಠದ ದಾರಿ, ಮಳೆ ಇಲ್ಲದ ಮೋಡ, ಎಲ್ಲವೂ ಬರುತ್ತವೆ. ಸಿನಿಮಾ ಮಾತ್ರ ಬರಕೂಡದು. ರಾಚಯ್ಯನವರು ಬಾಯಿ ತೆರೆದರೆ ಯಾಕೂಬ್ ಕೈ ಎತ್ತುತ್ತಾರೆ. "ಹಿರೇಮಠರ, ಅದೊಂದು ಬ್ಯಾಡ್ರಿ ನನಗ." ಯಾಕೆ ಎಂದು ಕೇಳಿದರೆ ಮಳೆಯ ಮಾತು ತೆಗೆಯುತ್ತಾರೆ. ಅವರ ತಂದೆ ಏನು ಮಾಡುತ್ತಿದ್ದರು ಎಂದು ಒಮ್ಮೆ ನಾನು ಕೇಳಿದ್ದೆ. "ಕರೆಂಟಿನ ಕೆಲಸ" ಎಂದಷ್ಟೇ ಹೇಳಿದ್ದರು.

ಹೋದ ವರ್ಷ ಅಕ್ಟೋಬರಿನಲ್ಲಿ ರಾಚಯ್ಯನವರ ಮಗಳು ಶರಣ್ಯಾ ಫೋನ್ ಮಾಡಿದಳು. ಟ್ರಾಯ್‌ನಲ್ಲೇ ಹುಟ್ಟಿ ಬೆಳೆದವಳು, ಈಗ ಶಿಕಾಗೋದಲ್ಲಿ ಜಾಹೀರಾತಿನ ವಿಡಿಯೋಗಳನ್ನು ಎಡಿಟ್ ಮಾಡುತ್ತಾಳೆ. "ಅಪ್ಪಾ, ದೇ ಆರ್ ಶೋಯಿಂಗ್ ಯುವರ್ ಬರ್ಡ್ ಮೂವಿ" ಎಂದಳು. ಶಿಕಾಗೋದ ಒಂದು ಹಳೆಯ ಥಿಯೇಟರಿನಲ್ಲಿ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಚಿಕ್ಕ ನೈಟ್ ಹೆರನ್, ಮಧ್ಯಾಹ್ನದ ಮೇಲೆ ದೊಡ್ಡದು. ನಡುವೆ ಆ ಸಿನಿಮಾದ ಎಡಿಟರ್ ಮಾರ್ಗರೆಟ್ ಕೋವಾಲ್ ಎಂಬ ಎಂಬತ್ಮೂರು ವರ್ಷದ ಅಜ್ಜಿ ವೇದಿಕೆಯ ಮೇಲೆ ಕೂತು ಜನರ ಪ್ರಶ್ನೆಗೆ ಉತ್ತರ ಕೊಡುತ್ತಾರೆ.

ಕತ್ತರಿ ಹಿಡಿದ ಕೈಯೇ ಸಿಕ್ಕಿತು ಎಂದು ರಾಚಯ್ಯನವರು ಎರಡು ವಾರ ನಿದ್ದೆಗೆಟ್ಟು ಪ್ರಶ್ನೆ ಸಿದ್ಧ ಮಾಡಿದರು. ಪ್ರಶ್ನೆ ಎರಡು ಪುಟ ಆಯಿತು. ರೇಣು ಅಕ್ಕ ಅದನ್ನು ಓದಿ, "ಇದನ್ನ ಕೇಳಿ ಮುಗಸೂದ್ರೊಳಗ ಆ ಅಜ್ಜಿಗೆ ಎಂಬತ್ನಾಕು ತುಂಬತಾವು" ಎಂದರು. ಅರ್ಧ ಪುಟಕ್ಕೆ ಇಳಿಸಿದರು. ರೇಣು ಅಕ್ಕ ಬರಲಿಲ್ಲ. ಮಗಳಿಗೆ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಕಟ್ಟಿಕೊಟ್ಟು, ತಾವು ಮನೆಯಲ್ಲಿ ಶಾಂತವಾಗಿರುವುದಾಗಿ ಹೇಳಿದರು.

ಕಾರು ಓಡಿಸಲು ನನ್ನನ್ನು ಕರೆದರು. ರಾಚಯ್ಯನವರು ಮಾತಾಡುವಾಗ ಸ್ಟೀರಿಂಗಿನ ಮೇಲೆ ಕೈ ಇರುವುದಿಲ್ಲ, ಹಾಗಾಗಿ ನಾನೂ ಒಪ್ಪಿದೆ. ಯಾಕೂಬ್ ಕೂಡ ಬಂದರು. ಅವರ ಮಗಳು ದಾನಿಯಾ ಶಿಕಾಗೋದಲ್ಲಿ ಫಾರ್ಮಸಿ ಓದುತ್ತಿದ್ದಾಳೆ, ಅವಳನ್ನು ನೋಡಬೇಕಿತ್ತು. ಹತ್ತುವ ಮೊದಲೇ ಷರತ್ತು ಹಾಕಿದರು. "ಇನ್ನೂರ ತೊಂಬತ್ತು ಮೈಲಿ ಐತ್ರಿ. ಕೊಕ್ಕರಿ ಸುದ್ದಿ ತಗದ್ರ ನಾ ನಡುದಾರ್ಯಾಗ ಕಲಮಜೂ ಊರಾಗ ಇಳದು ಬಸ್ ಹಿಡೀತೀನಿ." ರಾಚಯ್ಯನವರು ಪಾಪ ಪೂರ್ತಿ ದಾರಿ ಹವಾಮಾನದ ಬಗ್ಗೆ ಮಾತಾಡಿದರು. ಅಷ್ಟು ಹವಾಮಾನ ಮಿಶಿಗನ್ನಿನಲ್ಲೂ ಇಲ್ಲ.

ಯಾಕೂಬರನ್ನು ಮಗಳ ಅಪಾರ್ಟ್‌ಮೆಂಟಿನ ಬಳಿ ಇಳಿಸಿ ನಾವು ಥಿಯೇಟರಿಗೆ ಹೋದೆವು. ಶರಣ್ಯಾ ಟಿಕೆಟ್ ಹಿಡಿದು ಕಾಯುತ್ತಿದ್ದಳು. ಒಳಗೆ ಇನ್ನೂರು ಜನ ಇದ್ದಿರಬಹುದು. ಅದರಲ್ಲಿ ನಾಲ್ವರು ಬೂದು ರೆಕ್ಕೆ ಕಟ್ಟಿಕೊಂಡು ಬಂದಿದ್ದರು, ಅವರ ಹಿಂದಿನ ಸಾಲು ಖಾಲಿ ಉಳಿದಿತ್ತು. ನಾನು ಚಿಕ್ಕದನ್ನು ಏಳನೆಯ ಸಲ ನೋಡಿದೆ. ಸೇತುವೆಯ ದೀಪ ಆರಿ ಜನರೇಟರ್ ಗುರ್ ಎಂದಾಗ ಪಕ್ಕದಲ್ಲಿ ರಾಚಯ್ಯನವರು ಚೇಳು ಕಡಿದವರಂತೆ ಮೈ ಮುದುಡಿದರು.

ದೀಪ ಹೊತ್ತಿದ ಮೇಲೆ ಮಾರ್ಗರೆಟ್ ಅಜ್ಜಿ ಕೋಲೂರಿಕೊಂಡು ವೇದಿಕೆಗೆ ಬಂದರು. ಸಣ್ಣ ಮೈಕಟ್ಟು, ಬೆಳ್ಳಿಕೂದಲು, ಸ್ವಲ್ಪ ಕಿವಿ ಮಂದ. ಮೂರು ನಾಲ್ಕು ಪ್ರಶ್ನೆ ಆದ ಮೇಲೆ ರಾಚಯ್ಯನವರ ಕೈಗೆ ಮೈಕು ಬಂತು. ಆ ಹೊತ್ತಿಗೆ ನಾನು ಹಿಂದೆ ತಿರುಗಿ ನೋಡಿದರೆ ಬಾಗಿಲ ಬಳಿ ಯಾಕೂಬ್ ನಿಂತಿದ್ದಾರೆ. ದಾನಿಯಾಗೆ ಕೆಲಸದ ಶಿಫ್ಟ್ ಇದ್ದದ್ದರಿಂದ ಅವಳು ಒಂದು ಗಂಟೆಗೇ ಹೊರಟುಬಿಟ್ಟಳಂತೆ. ಹೊರಗೆ ಗಾಳಿ ಕೊರೆಯುತ್ತಿತ್ತು. ಬೇರೆ ದಾರಿ ಇಲ್ಲದೆ ಒಳಗೆ ಬಂದಿದ್ದರು.

ರಾಚಯ್ಯನವರು ಅರ್ಧ ಪುಟವನ್ನೂ ಮರೆತು ಎಲ್ಲವನ್ನೂ ಬಾಯಲ್ಲೇ ಹೇಳಿದರು. ಎಂಬತ್ನಾಲ್ಕು, ಹುಬ್ಬಳ್ಳಿ, ಮ್ಯಾಟಿನಿ, ಮೂರು ಸಲ, ರೆಕ್ಕೆ ಹೇಗೆ ಬಂತೆಂದು ಹೇಳದ ಸಿನಿಮಾ, ಹನ್ನೆರಡು ಸೆಕೆಂಡಿನ ಕತ್ತಲೆ. ಆ ಪ್ರಿಂಟು ಎಲ್ಲಿ ಹೋಯಿತು ಎಂದು ಕೇಳಿದರು. ಅಜ್ಜಿ ಗಮನ ಕೊಟ್ಟು ಕೇಳಿಸಿಕೊಂಡು ತಲೆಯಾಡಿಸಿದರು. ಅಂಥ ಪ್ರಿಂಟು ಯಾವತ್ತೂ ಇರಲಿಲ್ಲ, ಫಿಲ್ಮಿನ ಪ್ರತಿಯೊಂದು ಅಡಿಯೂ ನನ್ನ ಕೈಮೇಲೆ ಹೋಗಿದೆ, ಇದ್ದಿದ್ದರೆ ನನಗೆ ಗೊತ್ತಿರುತ್ತಿತ್ತು ಎಂದರು. ಸೌಜನ್ಯದಿಂದಲೇ ಹೇಳಿದರು. ರಾಚಯ್ಯನವರು ಮೈಕು ಕೊಡಲಿಲ್ಲ. ನಾನು ನೋಡಿದ್ದೇನೆ ಮೇಡಂ, ಕತ್ತಲಾಯಿತು, ಜನ ಚಪ್ಪಾಳೆ ಹೊಡೆದರು, ಬಾಗಿಲು ತೆರೆಯಿತು, ಮೂರು ಸಲವೂ ಹಾಗೇ ಆಯಿತು ಎಂದರು. ಹಾಲಿನಲ್ಲಿ ಅಲ್ಲಲ್ಲಿ ನಗು ಕೇಳಿಸಿತು. ರೆಕ್ಕೆ ಕಟ್ಟಿಕೊಂಡವರಲ್ಲೊಬ್ಬ ಪಕ್ಕದವನ ಕಿವಿಯಲ್ಲಿ ಏನೋ ಹೇಳಿದ. ಅವನೂ ಆ ಇಂಟರ್ನೆಟ್ಟಿನ ಜಾಗದವನೇ ಇರಬೇಕು.

ಆಗ ಬಾಗಿಲ ಬಳಿಯಿಂದ ಯಾಕೂಬ್ ಕನ್ನಡದಲ್ಲಿ ಕೇಳಿದರು, "ಹಿರೇಮಠರ, ಯಾವ ಟಾಕೀಸು ಅಂದ್ರಿ?"

"ನ್ಯೂ ಗುಲಾಬ್."

"ಮೂರೂವರಿ ಆಟ?"

"ಹೌದು."

ಯಾಕೂಬ್ ಬಾಗಿಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದರು. ಇನ್ನೂರು ಜನ ಅವರತ್ತ ತಿರುಗಿದ್ದರು. ಆಮೇಲೆ ಇಂಗ್ಲಿಷಿನಲ್ಲಿ, ಅಂಗಡಿಗೆ ಬಂದ ಗಿರಾಕಿಗೆ ಲೆದರಿನ ಬಗ್ಗೆ ಹೇಳುವಷ್ಟೇ ಸರಳವಾಗಿ ಹೇಳಿದರು. ಇವರು ಹೇಳುವುದು ಸುಳ್ಳಲ್ಲ. ಆ ಟಾಕೀಸಿನಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದವರು ನನ್ನ ತಂದೆ. ಆಗ ನಮ್ಮ ಊರಲ್ಲಿ ದಿನಾ ಸಂಜೆ ಐದೂವರೆಗೆ ಕರೆಂಟು ತೆಗೆಯುತ್ತಿದ್ದರು. ಆ ಕತ್ತಲೆ ನಿಮ್ಮ ಸಿನಿಮಾದ್ದಲ್ಲ, ಎಲೆಕ್ಟ್ರಿಸಿಟಿ ಬೋರ್ಡಿನದು.

ಇಡೀ ಹಾಲು ನಕ್ಕಿತು. ಶರಣ್ಯಾ ಮುಖ ಮುಚ್ಚಿಕೊಂಡಳು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ರಾಚಯ್ಯನವರು ಮೈಕನ್ನು ಪಕ್ಕದವರ ಕೈಗೆ ಕೊಟ್ಟು, ಕುರ್ಚಿಯಲ್ಲಿ ಕೂತು, ಎದುರಿನ ಪರದೆಯನ್ನು ನೋಡಿದರು. ಆಮೇಲೆ ಎದ್ದು ಹೊರಗೆ ಹೋದರು.

ಲಾಬಿಯಲ್ಲಿ ಪಾಪ್‌ಕಾರ್ನ್ ಯಂತ್ರದ ಪಕ್ಕ ಒಂದು ಬೆಂಚು. ನಾನು ಹೋಗುವಷ್ಟರಲ್ಲಿ ಯಾಕೂಬ್ ಅವರ ಪಕ್ಕದಲ್ಲಿ ಕೂತಿದ್ದರು.

"ಇಪ್ಪತ್ತು ವರ್ಷ ಆತು" ಎಂದರು ರಾಚಯ್ಯನವರು. "ನೀವು ಒಂದು ಮಾತು ಹೇಳಲಿಲ್ಲ."

"ನೀವು ಅದನ್ನ ನಮ್ಮಪ್ಪನ ಟಾಕೀಸಿನ್ಯಾಗ ನೋಡಿದ್ದು ಅಂತ ನನಗೇನ್ ಗೊತ್ರಿ. ನಾ ಕಿವಿ ಮುಚಗೊಂಡಿದ್ದೆ."

"ಯಾಕ ಮುಚಗೊಂಡಿದ್ರಿ?"

ಯಾಕೂಬ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅಂದು ಹೇಳಿದ್ದನ್ನು ಅವರು ಅಲ್ಲಿಯವರೆಗೆ ತಮ್ಮ ಮಗಳಿಗೂ ಹೇಳಿರಲಿಲ್ಲ.

ಅವರ ತಂದೆ ಹಸನ್‌ಸಾಬ್ ನ್ಯೂ ಗುಲಾಬಿನಲ್ಲಿ ಹತ್ತೊಂಬತ್ತು ವರ್ಷ ಆಪರೇಟರ್ ಆಗಿದ್ದರು. ಟಾಕೀಸಿನ ಜನರೇಟರ್ ಕೆಟ್ಟು ನಿಂತಿತ್ತು, ಮಾಲೀಕರು ರಿಪೇರಿ ಮಾಡಿಸಲಿಲ್ಲ. ಮ್ಯಾಟಿನಿಯ ನಡುವೆ ಕರೆಂಟು ಹೋದರೆ ಜನ ಕುರ್ಚಿ ಮುರಿಯುತ್ತಿದ್ದರು. ಹಾಗಾಗಿ ಪ್ರತಿ ಹೊಸ ಸಿನಿಮಾ ಬಂದಾಗ ಹಸನ್‌ಸಾಬ್ ಗುರುವಾರವೇ ಒಬ್ಬರೇ ಕೂತು ಗಡಿಯಾರ ಹಿಡಿದು ಪೂರ್ತಿ ನೋಡುತ್ತಿದ್ದರು. ಐದೂವರೆಗೆ ಸರಿಯಾಗಿ ಎಲ್ಲಿ ನಿಂತರೆ ಜನ ಸಮಾಧಾನವಾಗಿ ಎದ್ದು ಹೋಗುತ್ತಾರೆ ಎಂದು ಲೆಕ್ಕ ಹಾಕುತ್ತಿದ್ದರು.

"ಕೊಕ್ಕರಿದು ಏಳು ರೀಲು" ಎಂದರು ಯಾಕೂಬ್. "ಇದ್ದಂಗ ಓಡಿಸಿದ್ರ ಐದನೇ ರೀಲಿನ ಕೊನಿಗೆ ಕರೆಂಟ್ ಹೋಗತಿತ್ತು. ಅಪ್ಪ ನಾಕನೇ ರೀಲು ಡಬ್ಬಿಯೊಳಗ ಬಿಟ್ಟ. ರೆಕ್ಕಿ ಹೆಂಗ ಬಂತು ಅನ್ನೂದು ಅದರಾಗ ಇತ್ತು. ಮನಿಯೊಳಗ ಅಂದಿದ್ದ, ರೆಕ್ಕಿ ಇದ್ದದ್ದು ಮಂದಿಗೆ ಕಾಣತೈತಿ, ಹೆಂಗ ಬಂತು ಅಂತ ಯಾಕ ಬೇಕು ಅಂತ. ಆಮ್ಯಾಲ ಆರನೇ ರೀಲಿನ ಕೊನಿಗೆ, ಸೇತುವಿ ಮ್ಯಾಲಿನ ದೀಪ ಆರೂದಕ್ಕ ಸರಿಯಾಗಿ ಕರೆಂಟ್ ಹೋಗತಿತ್ತು, ಜನರೇಟರ್ ಸೀನ್ ಆ ರೀಲಿನ ಬಾಲದಾಗ ಉಳೀತಿತ್ತು."

"ಏಳನೇ ರೀಲು?"

"ಅದು ಸಂಜಿ ಆಟಕ್ಕಷ್ಟ. ಕರೆಂಟ್ ವಾಪಸ್ ಬಂದ ಮ್ಯಾಲೆ ಪೂರಾ ತೋರಸ್ತಿದ್ದ."

ಹಾಸ್ಟೆಲಿನ ಹಾಜರಿ ಏಳಕ್ಕೆ ಇದ್ದದ್ದು ನನಗೆ ನೆನಪಾಯಿತು. ರಾಚಯ್ಯನವರಿಗೂ ಆಗಿರಬೇಕು, ಕಣ್ಣು ಮುಚ್ಚಿದರು.

ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಬೆಂಗಳೂರಿನಿಂದ ಬಂದ ವಿತರಕರ ಕಡೆಯವನೊಬ್ಬ ಬೇರೊಂದು ಸಿನಿಮಾದ ಡಬ್ಬಿ ತೆಗೆದು, ಕೆಲವು ರೀಲಿನ ಮೇಲೆ ಮಾತ್ರ ಗೀರು ಕಡಿಮೆ ಇರುವುದನ್ನು, ಅಂದರೆ ಅವು ಕಡಿಮೆ ಸಲ ಓಡಿರುವುದನ್ನು ಗುರುತಿಸಿದ. ಆಟದ ಹೊತ್ತಿಗೆ ಆ ರೀಲುಗಳನ್ನು ಕದ್ದು ನಕಲು ಮಾಡಿಸಲು ಬೇರೆ ಊರಿಗೆ ಕಳಿಸುತ್ತಿದ್ದಾನೆ ಎಂದು ಹಸನ್‌ಸಾಬರ ಮೇಲೆ ಹೊರಿಸಿದರು. ಮಾಲೀಕರಿಗೆ ನಿಜ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಕೆಲಸ ಹೋಯಿತು. ಹಸನ್‌ಸಾಬ್ ಮನೆಮನೆಗೆ ವೈರಿಂಗ್ ಮಾಡಿಕೊಂಡು ಬದುಕಿದರು, ಮತ್ತೆ ಯಾವ ಟಾಕೀಸಿನ ಮೆಟ್ಟಿಲೂ ಹತ್ತಲಿಲ್ಲ. ಮನೆಯಲ್ಲಿ ಸಿನಿಮಾ ಎಂಬ ಮಾತು ನಿಂತುಹೋಯಿತು.

"ಕಳ್ಳ ಅನಿಸಿಗೊಂಡ ರೀ" ಎಂದರು ಯಾಕೂಬ್. "ಒಂದು ತುಣುಕು ಮನಿಗೆ ತಂದಾಂವಲ್ಲ."

ರಾಚಯ್ಯನವರು ಏನೋ ಹೇಳಲು ಹೊರಟರು. ಅಷ್ಟರಲ್ಲಿ ಹಾಲಿನ ಬಾಗಿಲು ತೆರೆದು ಮಾರ್ಗರೆಟ್ ಅಜ್ಜಿ ಶರಣ್ಯಾಳ ತೋಳು ಹಿಡಿದು ಹೊರಬಂದರು. ಸೀದಾ ಯಾಕೂಬರ ಎದುರು ನಿಂತು ಕೇಳಿದರು. ಮೂರು ಸಲವೂ ಒಂದೇ ಜಾಗದಲ್ಲಿ ಕತ್ತಲಾಗಿದ್ದರೆ ಅದು ಬರೀ ಕರೆಂಟಿನ ಕೆಲಸವಲ್ಲ, ಅಲ್ಲೇ ನಿಲ್ಲಿಸಬೇಕೆಂದು ನಿಮ್ಮ ತಂದೆ ಹೇಗೆ ತೀರ್ಮಾನಿಸಿದರು? ಯಾಕೂಬ್ ಎದ್ದು ನಿಂತು, ಬೇರೆ ಕಡೆ ನಿಲ್ಲಿಸಿದರೆ ಕುರ್ಚಿ ಮುರಿಯುತ್ತಿದ್ದರು ಮೇಡಂ ಎಂದರು.

ಅಜ್ಜಿ ತಲೆದೂಗಿದರು. ನನ್ನ ಪ್ರೊಡ್ಯೂಸರುಗಳು ಯಾರೂ ಇಷ್ಟು ಒಳ್ಳೆಯ ಕಾರಣ ಕೊಟ್ಟಿರಲಿಲ್ಲ ಎಂದರು. ಆಮೇಲೆ ರಾಚಯ್ಯನವರ ಕಡೆ ತಿರುಗಿ, ಆ ಜಾಗ ಕೆಟ್ಟದ್ದೇನಲ್ಲ, ನಾನಾಗಿದ್ದರೆ ದೀಪ ಆರಿದ ಮೇಲೆ ನೀರಿನ ಸದ್ದನ್ನು ಮಾತ್ರ ಉಳಿಸಿಕೊಳ್ಳುತ್ತಿದ್ದೆ ಎಂದರು. ನಾಲ್ಕನೆಯ ರೀಲು ಬಿಟ್ಟದ್ದನ್ನು ಯಾಕೂಬ್ ಹೇಳಿದಾಗ ಅದಕ್ಕೆ ಮಾತ್ರ ಅವರ ಒಪ್ಪಿಗೆ ಸಿಗಲಿಲ್ಲ. ಅದರ ಮೇಲೆ ಅವರು ಐದು ವಾರ ಕೆಲಸ ಮಾಡಿದ್ದರಂತೆ.

ದೊಡ್ಡ ನೈಟ್ ಹೆರನ್ ಶುರುವಾದಾಗ ನಾವು ಒಳಗೆ ಹೋಗಲಿಲ್ಲ. ಆರನೆಯ ಸಲ ತಪ್ಪಿತು ಎಂದು ನಾನು ದುಃಖಪಡಲಿಲ್ಲ. ಆ ರಾತ್ರಿ ಶರಣ್ಯಾಳ ಮನೆಯಲ್ಲಿ ಉಳಿದು ಭಾನುವಾರ ಬೆಳಿಗ್ಗೆ ಹೊರಟೆವು. ಗೇರಿ ಎಂಬ ಊರು ದಾಟುವವರೆಗೆ ರಾಚಯ್ಯನವರು ಹವಾಮಾನವನ್ನೂ ಎತ್ತಲಿಲ್ಲ. ಹದಿನಾರು ವರ್ಷದ ವಾದ ಬಿದ್ದುಹೋಗಿದೆ, ಮನುಷ್ಯ ಕುಸಿದಿದ್ದಾರೆ ಎಂದು ನಾನು ಒಂದು ಎಕ್ಸಿಟ್ ನೋಡಿ ಕಾಫಿಗೆ ನಿಲ್ಲಿಸಿದೆ. ಕಾಫಿ ಹಿಡಿದು ಅವರು ಯಾಕೂಬರನ್ನು ಕೇಳಿದರು.

"ಯಾಕೂಬಭಾಯ್, ಬೋರ್ಡಿನವರು ದಿನಾ ಕರೆಕ್ಟ್ ಐದೂವರಿಗೇ ತಗೀತಿದ್ರೇನು?"

"ಎಲ್ಲಿ ಬಿಡ್ರಿ. ಒಂದೊಂದ್ ದಿನ ಎರಡು ನಿಮಿಷ ತಡ."

"ಹಂಗಾದ್ರ ಆ ದಿನ ಜನರೇಟರ್ ಸೀನ್ ಕಾಣಬೇಕಿತ್ತಲ್ಲ. ನಾ ಮೂರು ಸಲ ನೋಡೇನಿ, ಮೂರೂ ಸಲ ಕತ್ತಲಿ."

"ತಡ ಆದ ದಿನ ಅಪ್ಪ ತಾನ ಸೌಂಡ್ ಬಂದ್ ಮಾಡಿ ಲೆನ್ಸಿಗೆ ಅಂಗೈ ಅಡ್ಡ ಹಿಡೀತಿದ್ದ. ಮಂದಿ ಎದ್ದು ಹೊಂಡೂತನಕ."

ರಾಚಯ್ಯನವರು ಕಾಫಿ ಕಪ್ಪನ್ನು ಕಾರಿನ ಮೇಲಿಟ್ಟರು. "ಅಂದ್ರ ಅದು ಬೋರ್ಡಿನ ಕತ್ತಲಿ ಅಲ್ಲ. ನಿಮ್ಮ ತಂದಿಯವರ ಕೈ ಅದು. ಯಾಕೂಬಭಾಯ್, ಅದು ಕಟ್ಟೇ ಆತಲ್ರಿ." ಅಲ್ಲಿಂದ ಟ್ರಾಯ್ ತನಕ ಅವರು ನಿಲ್ಲಿಸದೆ ಮಾತಾಡಿದರು. ಯಾಕೂಬ್ ಕಲಮಜೂದಲ್ಲಿ ಇಳಿಯಲಿಲ್ಲ.

ಆ ವಾರ ಅವರು ಇಂಟರ್ನೆಟ್ಟಿನ ಜಾಗದಲ್ಲಿ ಬರೆದರು. ತಾನು ಹದಿನಾರು ವರ್ಷ ತಪ್ಪು ಹೇಳಿದ್ದೇನೆ, ಕಂಪನಿಯವರು ಯಾವ ಪ್ರಿಂಟನ್ನೂ ಮುಚ್ಚಿಟ್ಟಿಲ್ಲ ಎಂದು ಮೊದಲ ಸಾಲಿನಲ್ಲೇ ಒಪ್ಪಿಕೊಂಡರು. ಆಮೇಲೆ ಹಸನ್‌ಸಾಬರ ಹೆಸರು, ಟಾಕೀಸು, ಗುರುವಾರದ ಗಡಿಯಾರ, ಕಳ್ಳತನದ ಆರೋಪ, ಅಂಗೈ ಎಲ್ಲವನ್ನೂ ಬರೆದರು. ಸ್ವೀಡನ್ನಿನವನು ಕ್ಷಮೆ ಕೇಳಿದ. ಒಹಾಯೋದವನು, ಆ ರೂಪ ನೋಡಲು ಸಿಗುತ್ತದೆಯೇ ಎಂದು ಕೇಳಿದ. ಸ್ಪ್ರೆಡ್‌ಶೀಟಿಗೆ ಮೂರನೆಯ ಕಾಲಮ್ಮು ಬಂತು. ಅದರ ತಲೆಯ ಮೇಲೆ 'ಹಸನ್‌ಸಾಬ್' ಎಂದು ಬರೆದು, ತೀರ್ಪು ಇನ್ನು ಬೇಡ ಎಂದು ಆ ಖಾನೆಯನ್ನೇ ಅಳಿಸಿದರು.

ಶರಣ್ಯಾ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಮನೆಗೆ ಬಂದಾಗ ಅಪ್ಪನ ಪಕ್ಕ ಕೂತು ಡಿಸ್ಕಿನಿಂದ ಹಸನ್‌ಸಾಬರ ರೂಪವನ್ನು ಕತ್ತರಿಸಿ ಜೋಡಿಸಿದಳು. ಹಿಂದೆ ಅವಳು "ಇಟ್ಸ್ ಜಸ್ಟ್ ಅ ಮೂವಿ" ಎಂದು ಎದ್ದು ಹೋಗುತ್ತಿದ್ದಳು. ಈ ಸಲ ಎರಡು ದಿನ ಬೇಸ್‌ಮೆಂಟಿನಿಂದ ಅಪ್ಪ ಮಗಳ ಜಗಳ ಕೇಳಿಸಿತು, ಅಪ್ಪ ಕನ್ನಡದಲ್ಲಿ, ಮಗಳು ಇಂಗ್ಲಿಷಿನಲ್ಲಿ. ರೇಣು ಅಕ್ಕ ನನ್ನ ಹೆಂಡತಿಗೆ, "ಮನಿ ತುಂಬಿದಂಗ ಆಗೇದ ನೋಡ್ರಿ" ಎಂದರಂತೆ.

ಡಿಸೆಂಬರಿನ ಒಂದು ಭಾನುವಾರ ಮಧ್ಯಾಹ್ನ ತೋರಿಸಿದರು. ಯಾಕೂಬ್ ತಮ್ಮ ಹೆಂಡತಿ ಗುಲ್‌ಶನ್ ಅವರನ್ನೂ, ರಜೆಗೆ ಬಂದಿದ್ದ ದಾನಿಯಾಳನ್ನೂ ಕರೆತಂದಿದ್ದರು. ನನ್ನ ಹೆಂಡತಿಗೂ ಆ ದಿನ ತಲೆನೋವು ಬರಲಿಲ್ಲ. ಕೊನೆಯಲ್ಲಿ ಸೇತುವೆಯ ದೀಪ ಆರಿತು, ಪರದೆ ಕಪ್ಪಾಯಿತು. ಯಾರೂ ಕದಲಲಿಲ್ಲ. ಕತ್ತಲಲ್ಲೇ ಯಾಕೂಬ್ ದಾನಿಯಾಗೆ ಹೇಳುವುದು ಕೇಳಿಸಿತು, "ಇದು ನಿಮ್ಮಜ್ಜ ಮಾಡಿದ್ದು." ದಾನಿಯಾ ಏನೋ ಕೇಳಿದಳು, ಅವರು ತಗ್ಗಿದ ದನಿಯಲ್ಲಿ ಉತ್ತರ ಹೇಳುತ್ತಾ ಹೋದರು. ರಾಚಯ್ಯನವರು ದೀಪ ಹಾಕಲು ತುಂಬಾ ಹೊತ್ತು ತೆಗೆದುಕೊಂಡರು.

ಜನವರಿಯಲ್ಲಿ ಒಂದು ದಿನ ಯಾಕೂಬ್ ತಾವಾಗಿಯೇ ಬಂದು, ಏಳನೆಯ ರೀಲು ಹಾಕಿ ಎಂದರು. ಅವರು ಅದನ್ನು ನೋಡಿಯೇ ಇರಲಿಲ್ಲ. ಚಿಕ್ಕವರಿದ್ದಾಗ ಮ್ಯಾಟಿನಿಗೆ ಮಾತ್ರ ಒಳಗೆ ಬಿಡುತ್ತಿದ್ದರಂತೆ. ರಾಚಯ್ಯನವರು ಒಲ್ಲದ ಮನಸ್ಸಿನಿಂದ ಹಾಕಿದರು. ನಾನೂ ಇದ್ದೆ. ಹೀರೋ ಮುಖವಾಡ ತೆಗೆದ, ಹುಡುಗಿಯ ಎದುರು ಕೂತ, ಹದಿನೆಂಟು ನಿಮಿಷ ಒಪ್ಪಿಕೊಂಡ. ಯಾಕೂಬ್ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು.

"ಎಷ್ಟು ಚಲೋ ಐತಲ್ರೀ" ಎಂದರು. "ಇದನ್ನ ಹೆಂಗ ಬಿಟ್ಟ ನಮ್ಮಪ್ಪ?"

ರಾಚಯ್ಯನವರು ರಿಮೋಟನ್ನು ಕೆಳಗಿಟ್ಟು, ಕುರ್ಚಿಯನ್ನು ಯಾಕೂಬರ ಕಡೆ ತಿರುಗಿಸಿದರು. ನಾನು ಮೇಲೆ ಹೋಗಿ ರೇಣು ಅಕ್ಕನಿಗೆ, ಊಟ ಇನ್ನೂ ಒಂದು ಗಂಟೆ ತಡವಾಗುತ್ತದೆ ಎಂದು ಹೇಳಿದೆ.